ವಿಮಾನ ಕಂಪೆನಿಯ ಷೇರು: ಒಂದು ಪ್ರಸಿದ್ಧ ವಾದದ ಪರಾಮರ್ಶೆ

೧

ಪ್ರಯಾಣಿಕರ ವಿಮಾನಗಳನ್ನು ನಡೆಸುವ ಕಂಪೆನಿಗಳ ಷೇರುಗಳಲ್ಲಿ ಹಣ ತೊಡಗಿಸುವುದು ಲೇಸೆ ಎಂಬ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳು ಬಳಕೆಯಲ್ಲಿವೆ. ಮೊದಲನೆಯದು ಉತ್ಸಾಹಿಗಳದು. ೨೦೨೪ರಲ್ಲಿ ಭಾರತದ ಒಳನಾಡಿನ ಮಾರ್ಗಗಳಲ್ಲಿ ವಿಮಾನವೇರಿದವರ ಸಂಖ್ಯೆ ೧೬ ಕೋಟಿಯನ್ನು ಮೀರಿತು. ಒಂದು ತಲೆಮಾರಿನ ಹಿಂದೆ ಕೆಲವೇ ನಗರಗಳಲ್ಲಿದ್ದ ನಿಲ್ದಾಣಗಳು ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿವೆ. ಇಷ್ಟು ವೇಗವಾಗಿ ಬೆಳೆಯುತ್ತಿರುವ ಉದ್ಯಮದಲ್ಲಿ ಪಾಲುದಾರನಾದವನು ಅದರೊಡನೆ ತಾನೂ ಬೆಳೆಯದಿರುವನೆ ಎಂಬುದು ಅವರ ತರ್ಕ. ಎರಡನೆಯದು ವಿರಕ್ತರದು. ವಿಮಾನವು ಹಣವನ್ನು ಆಕಾಶದಲ್ಲಿ ಸುಡುವ ಯಂತ್ರ, ಅದರಲ್ಲಿ ಕುಳಿತು ಪ್ರಯಾಣ ಮಾಡಬಹುದೇ ಹೊರತು ಅದರ ಷೇರನ್ನು ಮುಟ್ಟಬಾರದು ಎಂದು ಇವರು ಹೇಳುತ್ತಾರೆ. ಈ ಎರಡನೆಯ ಪಕ್ಷಕ್ಕೆ ಪ್ರಮಾಣಪುರುಷರಾಗಿರುವವರು ಅಮೆರಿಕದ ಬರ್ಕ್‌ಷೈರ್ ಹ್ಯಾಥವೇ ಕಂಪೆನಿಯನ್ನು ದಶಕಗಳ ಕಾಲ ನಡೆಸಿದ ವಾರೆನ್ ಬಫೆಟ್ ಅವರು.

ಬಫೆಟ್ ಅವರು ತಮ್ಮ ಪಾಲುದಾರರಿಗೆ ವರ್ಷಕ್ಕೊಮ್ಮೆ ಬರೆಯುತ್ತಿದ್ದ ಪತ್ರಗಳು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಈಗ ಪಠ್ಯಪ್ರಾಯವಾಗಿವೆ. ಅವುಗಳಲ್ಲಿ ವಿಮಾನ ಕಂಪೆನಿಗಳನ್ನು ಕುರಿತು ಬರುವ ಮಾತುಗಳನ್ನು ಅಧ್ಯಾಪಕರು ತರಗತಿಗಳಲ್ಲಿ ಉದಾಹರಿಸುತ್ತಾರೆ. ಆದರೆ ಉದಾಹರಿಸಿದಷ್ಟು ಮಟ್ಟಿಗೆ ಅವುಗಳನ್ನು ಪರೀಕ್ಷಿಸಿಲ್ಲವೆಂದು ನಮಗೆ ತೋರುತ್ತದೆ. ಒಬ್ಬ ಮಹಾ ವ್ಯವಹಾರಕುಶಲನ ಮಾತು ಎಂಬ ಕಾರಣದಿಂದ ಅದು ಸಿದ್ಧಾಂತವಾಗಲಾರದು. ಕೇಳಲು ಚಮತ್ಕಾರವಾಗಿದೆ ಎಂಬ ಕಾರಣದಿಂದಂತೂ ಆಗಲಾರದು. ಪ್ರಕೃತ ಲೇಖನದಲ್ಲಿ ನಾವು ಆ ವಾದವನ್ನು ಮೊದಲು ಅದರ ಪೂರ್ಣಬಲದೊಡನೆ ನಿರೂಪಿಸಿ, ಅನಂತರ ವಾದಿಯ ಸ್ವಂತ ಆಚರಣೆಯೊಡನೆಯೂ ನಮ್ಮ ದೇಶದ ಅನುಭವದೊಡನೆಯೂ ಹೋಲಿಸಿ, ಅದರಲ್ಲಿ ಗ್ರಾಹ್ಯವೆಷ್ಟು ಎಂಬುದನ್ನು ನಿರ್ಣಯಿಸಲು ಯತ್ನಿಸುತ್ತೇವೆ.

ವಿಚಾರಕ್ಕೆ ತೊಡಗುವ ಮುನ್ನ ‘ಒಳ್ಳೆಯ ಹೂಡಿಕೆ’ ಎಂಬ ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. ಷೇರು ಕೊಂಡವನು ತನ್ನ ಹಣವನ್ನೆಲ್ಲ ಕಳೆದುಕೊಳ್ಳುವ ಸಂಭವಕ್ಕೆ ತಲೆಯೊಡ್ಡಿರುತ್ತಾನೆ. ಅದೇ ಹಣವನ್ನು ಅವನು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇಟ್ಟಿದ್ದರೆ ಇಷ್ಟು ಅಪಾಯವಿಲ್ಲದೆ ಒಂದು ಪ್ರತಿಫಲ ಬರುತ್ತಿತ್ತು. ಆ ಪ್ರತಿಫಲವನ್ನು ಮೀರಿ, ಅಪಾಯಕ್ಕೆ ತಕ್ಕಷ್ಟು ಹೆಚ್ಚಿನದನ್ನು ದೀರ್ಘಕಾಲದಲ್ಲಿ ಕೊಟ್ಟರೆ ಮಾತ್ರ ಆ ಷೇರನ್ನು ಒಳ್ಳೆಯ ಹೂಡಿಕೆ ಎನ್ನಬಹುದು. ಬೆಳಗ್ಗೆ ಕೊಂಡು ಸಂಜೆ ಮಾರುವವರ ಲಾಭನಷ್ಟ ನಮ್ಮ ವಿಚಾರಕ್ಕೆ ಹೊರಗಿನದು.

೨

೨೦೦೭ನೆಯ ವರ್ಷದ ಪತ್ರದಲ್ಲಿ ಬಫೆಟ್ ಅವರು ವ್ಯವಹಾರಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಸ್ವಲ್ಪವೇ ಹೊಸ ಬಂಡವಾಳದಿಂದ ಹೆಚ್ಚು ಲಾಭ ತರುವಂಥದು ಉತ್ತಮ. ಬೆಳೆಯಲು ಬಂಡವಾಳ ಬೇಡಿದರೂ ಅದಕ್ಕೆ ನ್ಯಾಯವಾದ ಪ್ರತಿಫಲ ಕೊಡುವಂಥದು ಮಧ್ಯಮ. ವೇಗವಾಗಿ ಬೆಳೆಯುತ್ತ, ಆ ಬೆಳವಣಿಗೆಗಾಗಿ ಅಪಾರ ಬಂಡವಾಳವನ್ನು ನುಂಗಿ, ಕೊನೆಗೆ ಏನನ್ನೂ ಗಳಿಸದಿರುವಂಥದು ಅಧಮ. ಈ ಅಧಮ ವರ್ಗಕ್ಕೆ ಅವರು ಕೊಡುವ ನಿದರ್ಶನ ವಿಮಾನಸಾರಿಗೆ. ರೈಟ್ ಸಹೋದರರು ೧೯೦೩ರಲ್ಲಿ ಕಿಟಿ ಹಾಕಿನಲ್ಲಿ ಹಾರಿದ ದಿನ ದೂರದೃಷ್ಟಿಯುಳ್ಳ ಬಂಡವಾಳಗಾರನೊಬ್ಬನು ಅಲ್ಲಿದ್ದು ಆ ವಿಮಾನವನ್ನು ಹೊಡೆದುರುಳಿಸಿದ್ದರೆ ಮುಂದಿನ ಬಂಡವಾಳಗಾರರಿಗೆ ಮಹೋಪಕಾರವಾಗುತ್ತಿತ್ತೆಂಬ ಅರ್ಥದ ಹಾಸ್ಯವೂ ಅಲ್ಲಿದೆ. ಇದಕ್ಕೆ ಮುಂಚೆ, ೧೯೯೯ರಲ್ಲಿ, ವಿಮಾನಯಾನದ ಆರಂಭದಿಂದ ೧೯೯೨ರವರೆಗೆ ಅಮೆರಿಕದ ವಿಮಾನ ಕಂಪೆನಿಗಳೆಲ್ಲವೂ ಸೇರಿ ಗಳಿಸಿದ ನಿವ್ವಳ ಮೊತ್ತ ಶೂನ್ಯವೆಂದು ಅವರು ಹೇಳಿದ್ದುಂಟು.

ಹಾಸ್ಯವನ್ನು ಬದಿಗಿಟ್ಟು ನೋಡಿದರೆ ಇದರ ಹಿಂದಿರುವ ಅರ್ಥಶಾಸ್ತ್ರ ಗಟ್ಟಿಯಾದುದು. ಅದನ್ನು ಹೀಗೆ ವಿವರಿಸಬಹುದು. ವಿಮಾನದ ಆಸನವು ಸಂತೆಗೆ ತಂದ ಸೊಪ್ಪಿನಂತೆ. ಹೊತ್ತು ಮೀರಿದರೆ ಅದಕ್ಕೆ ಬೆಲೆಯಿಲ್ಲ. ಸೊಪ್ಪನ್ನಾದರೂ ದನಕ್ಕೆ ಹಾಕಬಹುದು, ಖಾಲಿ ಹಾರಿದ ಆಸನದಿಂದ ಯಾವ ಪ್ರಯೋಜನವೂ ಇಲ್ಲ. ವಿಮಾನದ ಬಾಡಿಗೆ, ಸಾಲದ ಬಡ್ಡಿ, ಚಾಲಕರ ಸಂಬಳ, ನಿಲ್ದಾಣದ ಶುಲ್ಕ, ಇಂಧನದ ಬಹುಪಾಲು ಇವೆಲ್ಲ ನೂರು ಜನ ಕುಳಿತರೂ ನೂರ ಎಂಬತ್ತು ಜನ ಕುಳಿತರೂ ಹೆಚ್ಚುಕಡಮೆ ಒಂದೇ. ಆದುದರಿಂದ ಇನ್ನೊಬ್ಬ ಪ್ರಯಾಣಿಕನನ್ನು ಹತ್ತಿಸಲು ಬೀಳುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಅವನಿಂದ ಬಂದಷ್ಟು ಬರಲಿ ಎಂದು ದರವನ್ನು ಇಳಿಸುವುದು ಪ್ರತಿಯೊಂದು ಕಂಪೆನಿಗೂ ಆ ಕ್ಷಣದಲ್ಲಿ ವಿವೇಕವೆಂದೇ ಕಾಣುತ್ತದೆ. ಎಲ್ಲರೂ ಹಾಗೆ ಮಾಡಿದಾಗ ಸರಾಸರಿ ದರವು ಒಟ್ಟು ವೆಚ್ಚಕ್ಕಿಂತ ಕೆಳಗೆ ಹೋಗುತ್ತದೆ. ಒಬ್ಬೊಬ್ಬರ ವಿವೇಕವು ಎಲ್ಲರ ಅವಿವೇಕವಾಗಿ ಪರಿಣಮಿಸುತ್ತದೆ.

ಇದರ ಮೇಲೆ, ಕಂಪೆನಿಯು ಕೊಳ್ಳುವ ಕಡೆಯಲ್ಲೆಲ್ಲ ಬಲಿಷ್ಠರನ್ನೇ ಎದುರಿಸಬೇಕಾಗಿದೆ. ದೊಡ್ಡ ವಿಮಾನಗಳನ್ನು ಬಹುತೇಕ ಬೋಯಿಂಗ್ ಮತ್ತು ಏರ್‌ಬಸ್ ಎಂಬ ಎರಡೇ ಸಂಸ್ಥೆಗಳಿಂದ ಕೊಳ್ಳಬೇಕು. ಎಂಜಿನ್ನುಗಳನ್ನು ತಯಾರಿಸುವವರೂ ಬೆರಳೆಣಿಕೆಯಷ್ಟೆ. ಒಂದು ಊರಿಗೆ ಸಾಮಾನ್ಯವಾಗಿ ಒಂದೇ ನಿಲ್ದಾಣ. ಚಾಲಕರು ವಿಶೇಷ ಶಿಕ್ಷಣ ಪಡೆದವರು, ಸಂಘಟಿತರು. ಮಾರುವ ಕಡೆಯಲ್ಲಿಯಾದರೋ ಪ್ರಯಾಣಿಕನು ಕೆಲವು ನೂರು ರೂಪಾಯಿಗಳ ವ್ಯತ್ಯಾಸಕ್ಕೆ ಒಂದು ಕಂಪೆನಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನೆ. ಹೊಸಬರು ವಿಮಾನಗಳನ್ನು ಬಾಡಿಗೆಗೆ ತಂದು ಕ್ಷೇತ್ರಕ್ಕೆ ಇಳಿಯುವುದು ಅಷ್ಟೇನೂ ಕಷ್ಟವಲ್ಲ. ಹಳಬರು ಹೊರಟುಹೋಗುವುದು ಮಾತ್ರ ಕಷ್ಟ. ಅಮೆರಿಕದ ದಿವಾಳಿ ಕಾನೂನಿನಂತೆ ಕಂಪೆನಿಯು ನ್ಯಾಯಾಲಯದ ರಕ್ಷಣೆಯಲ್ಲಿ ಹಾರಾಟವನ್ನು ಮುಂದುವರಿಸಬಹುದಾದ ಕಾರಣ ಸೋತವನೂ ಕಣದಲ್ಲಿಯೇ ಉಳಿದು ದರವನ್ನು ಕೆಳಕ್ಕೆಳೆಯುತ್ತಾನೆ. ಯುನೈಟೆಡ್ ೨೦೦೨ರಲ್ಲಿ, ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ೨೦೦೫ರಲ್ಲಿ, ಅಮೆರಿಕನ್ ೨೦೧೧ರಲ್ಲಿ ದಿವಾಳಿ ನ್ಯಾಯಾಲಯದ ಮೊರೆಹೊಕ್ಕವು. ೨೦೦೭ರಲ್ಲಿ ಡೆಲ್ಟಾ ಚೇತರಿಸಿಕೊಂಡು ಹೊರಬಂದಾಗ ಅದರ ಹಳೆಯ ಷೇರುಗಳು ರದ್ದಾದವು. ವಿಮಾನದ ಮೇಲಿನ ಹೆಸರು ಉಳಿಯಿತು. ಆ ಹೆಸರನ್ನು ನಂಬಿ ಹಣ ಕೊಟ್ಟವನಿಗೆ ಉಳಿದುದು ಏನೂ ಇಲ್ಲ.

ಹೀಗೆ ಪ್ರಯಾಣಿಕರು ಹೆಚ್ಚಿದರೆ ಲಾಭ ಹೆಚ್ಚುತ್ತದೆಂಬ ಉತ್ಸಾಹಿಗಳ ತರ್ಕ ಇಲ್ಲಿಯೇ ಬಿದ್ದುಹೋಗುತ್ತದೆ. ಅಂತಾರಾಷ್ಟ್ರೀಯ ವಿಮಾನಸಾರಿಗೆ ಸಂಘವು ೨೦೨೪ ಮತ್ತು ೨೦೨೫ನೆಯ ವರ್ಷಗಳಿಗೆ ಮಾಡಿದ ಅಂದಾಜುಗಳಲ್ಲಿ, ಪ್ರಪಂಚದ ಕಂಪೆನಿಗಳಿಗೆ ಒಬ್ಬ ಪ್ರಯಾಣಿಕನಿಂದ ಉಳಿಯುವ ನಿವ್ವಳ ಲಾಭ ೬ರಿಂದ ೮ ಡಾಲರುಗಳ ನಡುವೆ ಇದೆ. ಇವು ಒಳ್ಳೆಯ ವರ್ಷಗಳ ಲೆಕ್ಕ. ೨೦೨೦ನೆಯ ಒಂದೇ ವರ್ಷದಲ್ಲಿ ಇದೇ ಉದ್ಯಮದ ನಷ್ಟ ೧೩,೦೦೦ ಕೋಟಿ ಡಾಲರುಗಳನ್ನು ಮೀರಿತ್ತೆಂಬುದನ್ನು ಮರೆಯಬಾರದು.

೩

ಇಷ್ಟು ಬಲವಾದ ವಾದವನ್ನು ಮಂಡಿಸಿದವರು ಸ್ವತಃ ಹೇಗೆ ನಡೆದುಕೊಂಡರು? ವಾದಿಯ ಆಚರಣೆಯಿಂದ ವಾದವು ಸುಳ್ಳಾಗುವುದಿಲ್ಲ, ನಿಜ. ಆದರೆ ವಾದದಲ್ಲಿ ಹೇಳದೆ ಬಿಟ್ಟ ಅಂಶಗಳು ಯಾವುವೆಂಬುದು ಆಚರಣೆಯಿಂದ ಹೊರಬೀಳುತ್ತದೆ.

೧೯೮೯ರಲ್ಲಿ ಬರ್ಕ್‌ಷೈರ್ ಸಂಸ್ಥೆ ಯು.ಎಸ್.ಏರ್ ಎಂಬ ಕಂಪೆನಿಯಲ್ಲಿ ೩೫.೮ ಕೋಟಿ ಡಾಲರುಗಳನ್ನು ತೊಡಗಿಸಿತು. ಕೊಂಡದ್ದು ಸಾಮಾನ್ಯ ಷೇರುಗಳನ್ನಲ್ಲ. ವರ್ಷಕ್ಕೆ ಶೇಕಡ ೯.೨೫ರ ಲಾಭಾಂಶವನ್ನು ಮೊದಲು ಪಡೆಯುವ ಹಕ್ಕುಳ್ಳ ಆದ್ಯತಾ ಷೇರುಗಳನ್ನು. ಬೇಕಾದಾಗ ಇವನ್ನು ಸಾಮಾನ್ಯ ಷೇರುಗಳಾಗಿ ಪರಿವರ್ತಿಸಿಕೊಳ್ಳುವ ಅವಕಾಶವೂ ಇತ್ತು. ೧೯೯೪ರಲ್ಲಿ ಕಂಪೆನಿ ಈ ಲಾಭಾಂಶವನ್ನು ತಡೆಹಿಡಿಯಿತು. ಬರ್ಕ್‌ಷೈರ್ ತನ್ನ ಲೆಕ್ಕದಲ್ಲಿ ಈ ಹೂಡಿಕೆಯ ಬೆಲೆಯನ್ನು ೮.೯೫ ಕೋಟಿ ಡಾಲರಿಗೆ, ಎಂದರೆ ನಾಲ್ಕನೆಯ ಒಂದು ಭಾಗಕ್ಕೆ, ಇಳಿಸಿತು. ಬಫೆಟ್ ಅವರು ತಮ್ಮ ತಪ್ಪನ್ನು ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಂಪೆನಿ ಚೇತರಿಸಿಕೊಂಡು ಬಾಕಿ ಲಾಭಾಂಶವನ್ನು ತೀರಿಸಿತು. ೧೯೯೮ರಲ್ಲಿ ಬರ್ಕ್‌ಷೈರ್ ಗಣನೀಯ ಲಾಭದೊಡನೆ ಅದರಿಂದ ಹೊರಬಂತು. ಅನಂತರ ೨೦೦೨ರಲ್ಲಿ ಒಮ್ಮೆ, ೨೦೦೪ರಲ್ಲಿ ಇನ್ನೊಮ್ಮೆ ಆ ಕಂಪೆನಿ ದಿವಾಳಿಯಾಯಿತು. ಲಾಭವಾದ ಸಂಗತಿಯನ್ನೂ ದಿವಾಳಿಗಳ ಸಂಗತಿಯನ್ನೂ ೨೦೦೭ರ ಪತ್ರವೇ ಹೇಳುತ್ತದೆ.

ಇಲ್ಲಿ ಗಮನಿಸತಕ್ಕದ್ದೇನು? ಕಂಪೆನಿ ಕೆಟ್ಟಿತು, ಹೂಡಿಕೆ ಗೆದ್ದಿತು. ಗೆಲ್ಲಲು ಕಾರಣವಾದುವು ಎರಡು: ಕೊಂಡಾಗ ಮಾಡಿಕೊಂಡ ಕರಾರು ಮತ್ತು ಮಾರಿದ ಕಾಲ. ಆದ್ಯತೆಯ ಹಕ್ಕಿದ್ದುದರಿಂದಲೇ ಬಾಕಿ ಲಾಭಾಂಶ ಕೈಸೇರಿತು. ಅದೇ ೧೯೮೯ರಲ್ಲಿ ಸಾಮಾನ್ಯ ಷೇರನ್ನು ಕೊಂಡ ಒಬ್ಬ ಶಾಲಾ ಉಪಾಧ್ಯಾಯನಿಗೆ ಈ ಹಕ್ಕಿರಲಿಲ್ಲ. ಆದುದರಿಂದ ‘ಬಫೆಟ್ ಕೂಡ ಕೊನೆಗೆ ಲಾಭ ಮಾಡಿದರು’ ಎಂದು ಉತ್ಸಾಹಿಗಳು ಹೇಳುವುದು ಸರಿಯಲ್ಲ. ‘ವಿಮಾನ ಕಂಪೆನಿಯಲ್ಲಿ ಯಾರಿಗೂ ಲಾಭವಿಲ್ಲ’ ಎಂದು ವಿರಕ್ತರು ಹೇಳುವುದೂ ಸರಿಯಲ್ಲ. ಯಾವ ಹಕ್ಕನ್ನು ಯಾವ ಬೆಲೆಗೆ ಕೊಂಡರು ಎಂಬುದನ್ನು ಇಬ್ಬರೂ ಕೇಳುವುದಿಲ್ಲ.

ಎರಡನೆಯ ಪ್ರಸಂಗ ಇನ್ನೂ ಕುತೂಹಲಕರವಾದುದು. ೨೦೧೬ರಲ್ಲಿ ಬರ್ಕ್‌ಷೈರ್ ಸಂಸ್ಥೆ ಅಮೆರಿಕನ್, ಡೆಲ್ಟಾ, ಯುನೈಟೆಡ್, ಸೌತ್‌ವೆಸ್ಟ್ ಈ ನಾಲ್ಕರ ಸಾಮಾನ್ಯ ಷೇರುಗಳನ್ನೂ ಕೊಂಡಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ೨೦೦೮ರಿಂದ ೨೦೧೩ರವರೆಗೆ ಡೆಲ್ಟಾ ನಾರ್ತ್‌ವೆಸ್ಟನ್ನೂ, ಯುನೈಟೆಡ್ ಕಾಂಟಿನೆಂಟಲನ್ನೂ, ಸೌತ್‌ವೆಸ್ಟ್ ಏರ್‌ಟ್ರ್ಯಾನನ್ನೂ, ಅಮೆರಿಕನ್ ಯು.ಎಸ್.ಏರ್‌ವೇಸನ್ನೂ ಕೂಡಿಸಿಕೊಂಡಿದ್ದವು. ಸ್ಪರ್ಧಿಗಳು ಕಡಮೆಯಾದರೆ ಆಸನಗಳ ಸಂಖ್ಯೆಗೆ ಹಿಡಿತ ಬರುತ್ತದೆ, ದರ ನಿಲ್ಲುತ್ತದೆ. ಎಂದರೆ, ಉದ್ಯಮದ ದೌರ್ಬಲ್ಯ ಹುಟ್ಟುಗುಣವಲ್ಲ, ಅತಿಸ್ಪರ್ಧೆಯ ಫಲವೆಂದು ಅವರ ಆಚರಣೆಯೇ ಒಪ್ಪಿಕೊಂಡಂತಾಯಿತು. ೨೦೨೦ರ ಏಪ್ರಿಲಿನಲ್ಲಿ, ಕೋವಿಡ್ ಮಹಾಮಾರಿಯಿಂದ ವಿಮಾನಗಳು ನಿಂತಾಗ, ಆ ನಾಲ್ಕನ್ನೂ ಪೂರ್ತಿಯಾಗಿ ನಷ್ಟಕ್ಕೆ ಮಾರಿದ ಸಂಗತಿಯನ್ನು ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಅವರು ತಿಳಿಸಿದರು.

ಮುಂದೆ ಆದುದು ವಿಚಾರಾರ್ಹ. ಡೆಲ್ಟಾ ಷೇರು ೨೦೨೪ರ ಕೊನೆಯ ಹೊತ್ತಿಗೆ ಮಹಾಮಾರಿಗೆ ಮುಂಚಿನ ಬೆಲೆಯನ್ನು ಮುಟ್ಟಿ ಮೀರಿತು; ಅದೇ ಕಾಲದಲ್ಲಿ ಅಮೆರಿಕನ್ ಷೇರು ತನ್ನ ಹಿಂದಿನ ಬೆಲೆಗಿಂತ ಬಹಳ ಕೆಳಗೇ ಉಳಿದಿತ್ತು. ಆಕಾಶ ಒಂದೇ, ಇಂಧನ ಒಂದೇ, ರೋಗವೂ ಒಂದೇ. ಅಮೆರಿಕನ್ ಹೊತ್ತಿದ್ದ ಸಾಲದ ಭಾರವು ಡೆಲ್ಟಾದ ಸಾಲಕ್ಕಿಂತ ಬಹಳ ಹೆಚ್ಚಿನದು. ಡೆಲ್ಟಾಕ್ಕೆ ಟಿಕೆಟ್ ಮಾರಾಟದ ಜೊತೆಗೆ ಸಾಲಪತ್ರದ ವ್ಯವಹಾರದಿಂದಲೂ ದೊಡ್ಡ ಆದಾಯವಿತ್ತು. ಒಂದೇ ಉದ್ಯಮದೊಳಗೆ ಇಂಥ ಅಂತರ ಸಾಧ್ಯವಾದಾಗ ‘ಉದ್ಯಮವೇ ಕೆಟ್ಟದ್ದು’ ಎಂಬ ತೀರ್ಪು ಅರ್ಧಸತ್ಯವಾಗುತ್ತದೆ. ಸೌತ್‌ವೆಸ್ಟ್ ಕಂಪೆನಿ ೧೯೭೩ರಿಂದ ೨೦೧೯ರವರೆಗೆ ೪೭ ವರ್ಷಗಳ ಕಾಲ ಒಂದು ವರ್ಷವೂ ತಪ್ಪದೆ ಲಾಭ ಗಳಿಸಿತೆಂಬುದೂ ಈ ತೀರ್ಪಿಗೆ ಒಗ್ಗುವುದಿಲ್ಲ.

೪

ಇನ್ನು ನಮ್ಮ ದೇಶದ ಸಾಕ್ಷ್ಯವನ್ನು ಪರಿಶೀಲಿಸೋಣ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಡಕೋಟ ವಿಮಾನಗಳು ಅಗ್ಗವಾಗಿ ದೊರೆತುವು. ಇಲ್ಲಿಯೂ ಅನೇಕ ಕಂಪೆನಿಗಳು ಹುಟ್ಟಿದವು. ಇದ್ದ ಪ್ರಯಾಣಿಕರಿಗೆ ಹೋಲಿಸಿದರೆ ಕಂಪೆನಿಗಳು ಅತಿಯಾದುವೆಂಬುದನ್ನು ೧೯೫೦ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ಸಮಿತಿ ಎತ್ತಿ ತೋರಿಸಿತು. ೧೯೫೩ರ ಕಾಯಿದೆಯಿಂದ ಒಳನಾಡಿನ ಎಂಟು ಕಂಪೆನಿಗಳು ಇಂಡಿಯನ್ ಏರ್‌ಲೈನ್ಸ್ ಎಂಬ ಸರ್ಕಾರಿ ನಿಗಮದಲ್ಲಿ ಲೀನವಾದವು. ೧೯೯೦ರ ದಶಕದಲ್ಲಿ ಬಾಗಿಲು ಮತ್ತೆ ತೆರೆದಾಗ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಮೊದಲಾದುವು ಬಂದುವು; ದಶಕ ಮುಗಿಯುವ ಮುನ್ನ ಮರೆಯಾದುವು. ಆಸನಗಳು ಬೇಡಿಕೆಗಿಂತ ಮುಂದಾಗಿ ಬೆಳೆಯುವ ರೋಗವು ಇಲ್ಲಿಗೂ ಹೊಸದಲ್ಲ.

ಪ್ರಸ್ತುತ ವಿಚಾರಕ್ಕೆ ಹೆಚ್ಚು ಉಪಯುಕ್ತವಾದುವು ಮುಂದಿನ ಮೂರು ಸಾರ್ವಜನಿಕ ಷೇರು ನೀಡಿಕೆಗಳು. ಜೆಟ್ ಏರ್‌ವೇಸ್ ೨೦೦೫ರಲ್ಲಿ ಒಂದು ಷೇರಿಗೆ ೧,೧೦೦ ರೂಪಾಯಿಯಂತೆ ಸಾರ್ವಜನಿಕರಿಗೆ ಷೇರುಗಳನ್ನು ಮಾರಿತು. ಬೆಂಗಳೂರಿನಿಂದ ೨೦೦೩ರಲ್ಲಿ ಹಾರಾಟ ಆರಂಭಿಸಿದ್ದ ಏರ್ ಡೆಕ್ಕನ್ ೨೦೦೬ರಲ್ಲಿ ೧೪೮ ರೂಪಾಯಿಯಂತೆ ಮಾರಿತು. ೨೦೦೬ರಲ್ಲಿ ಹಾರಾಟ ಆರಂಭಿಸಿದ ಇಂಡಿಗೊ ೨೦೧೫ರಲ್ಲಿ ೭೬೫ ರೂಪಾಯಿಯಂತೆ ಮಾರಿತು.

ಜೆಟ್ ೨೦೧೯ರ ಏಪ್ರಿಲಿನಲ್ಲಿ ಹಾರಾಟ ನಿಲ್ಲಿಸಿತು. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಆಸ್ತಿಗಳನ್ನು ಮಾರಿ ಮುಚ್ಚುವಂತೆ ಆದೇಶವಿತ್ತಿತು. ಏರ್ ಡೆಕ್ಕನ್‌ನ ಶೇಕಡ ೨೬ ಭಾಗವನ್ನು ೨೦೦೭ರಲ್ಲಿ ವಿಜಯ ಮಲ್ಯ ಅವರ ಯು.ಬಿ. ಸಮೂಹ ಕೊಂಡಿತು, ಮರುವರ್ಷ ಅದು ಕಿಂಗ್‌ಫಿಷರ್‌ನೊಡನೆ ಒಂದಾಯಿತು, ೨೦೧೨ರಲ್ಲಿ ಕಿಂಗ್‌ಫಿಷರ್ ನೆಲಕಚ್ಚಿತು. ಅದಕ್ಕೆ ಒಂದು ವರ್ಷ ಮುಂಚೆ ಸಾಲ ಕೊಟ್ಟಿದ್ದ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಷೇರುಗಳಾಗಿ ಪರಿವರ್ತಿಸಿಕೊಂಡಿದ್ದವು. ಅವುಗಳಲ್ಲಿ ಸರ್ಕಾರಿ ಬ್ಯಾಂಕುಗಳೂ ಇದ್ದುದರಿಂದ ಎಂದೂ ವಿಮಾನ ಹತ್ತದ ಠೇವಣಿದಾರನೂ ಪರೋಕ್ಷವಾಗಿ ಈ ಉದ್ಯಮದ ಪಾಲುದಾರನಾದನೆಂದು ಹೇಳಬೇಕು. ಇಂಡಿಗೊ ಮಾತ್ರ ಬೆಳೆಯಿತು. ೨೦೨೫ರಲ್ಲಿ ಅದರ ಷೇರಿನ ಬೆಲೆ ೫,೦೦೦ ರೂಪಾಯಿಗಳನ್ನು ದಾಟಿತು. ಹತ್ತು ವರ್ಷಗಳಲ್ಲಿ ಆರೂವರೆ ಪಟ್ಟು, ಎಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಶೇಕಡ ೨೦ರ ಪ್ರತಿಫಲ! ಉತ್ಸಾಹಿಗಳು ಈಗ ಇದನ್ನೇ ಮುಂದಿಟ್ಟುಕೊಂಡು ಮಾತನಾಡುತ್ತಾರೆ.

ನಾವು ಒಂದು ಸರಳವಾದ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಒಬ್ಬ ಗೃಹಸ್ಥನು ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ ಎಂದು ತಿಳಿಯದೆ, ಈ ಮೂರು ನೀಡಿಕೆಗಳಲ್ಲಿಯೂ ಆಯಾ ವರ್ಷ ಒಂದೊಂದು ಸಾವಿರ ರೂಪಾಯಿ ತೊಡಗಿಸಿ, ೨೦೨೫ರವರೆಗೆ ಮುಟ್ಟದೆ ಇಟ್ಟನೆಂದು ಭಾವಿಸೋಣ. ಜೆಟ್‌ನದೂ ಡೆಕ್ಕನ್‌ನದೂ ಸೊನ್ನೆ. ಇಂಡಿಗೊ ಒಂದು ಸಾವಿರವು, ಷೇರಿಗೆ ೫,೦೦೦ ರೂಪಾಯಿಯ ಲೆಕ್ಕದಲ್ಲಿ, ಸುಮಾರು ೬,೫೩೬ ರೂಪಾಯಿ ಆಯಿತು. ಮೂರು ಸಾವಿರಕ್ಕೆ ಆರೂವರೆ ಸಾವಿರ ಬಂತಲ್ಲವೆ ಎಂದು ಅವನು ಸಂತೋಷಪಡಬಹುದು. ಆದರೆ ಅದೇ ಮೂರು ಸಾವಿರವನ್ನು ಅದೇ ಅದೇ ವರ್ಷಗಳಲ್ಲಿ ಶೇಕಡ ೭ರ ಚಕ್ರಬಡ್ಡಿಯ ಠೇವಣಿಯಲ್ಲಿ ಇಟ್ಟಿದ್ದರೆ? ೨೦೦೫ರ ಸಾವಿರ ಇಪ್ಪತ್ತು ವರ್ಷಗಳಲ್ಲಿ ೩,೮೭೦, ೨೦೦೬ರ ಸಾವಿರ ಹತ್ತೊಂಬತ್ತು ವರ್ಷಗಳಲ್ಲಿ ೩,೬೧೭, ೨೦೧೫ರ ಸಾವಿರ ಹತ್ತು ವರ್ಷಗಳಲ್ಲಿ ೧,೯೬೭. ಒಟ್ಟು ಸುಮಾರು ೯,೪೫೦ ರೂಪಾಯಿ. ಇಂಡಿಗೊ ಷೇರಿಗೆ ಐದು ಸಾವಿರದ ಬದಲು ಆರು ಸಾವಿರವೆಂದೇ ಹಿಡಿದರೂ ಷೇರುಗಾರನ ಮೊತ್ತ ೭,೮೪೩ನ್ನು ಮೀರುವುದಿಲ್ಲ. ಲಾಭಾಂಶವನ್ನೂ ತೆರಿಗೆಯನ್ನೂ ನಾವು ಈ ಲೆಕ್ಕಕ್ಕೆ ಸೇರಿಸಿಲ್ಲ. ಬಡ್ಡಿಯ ದರ ನಮ್ಮ ಊಹೆ. ಆದರೂ ಅಂತರ ಎಷ್ಟೆಂಬುದು ಸ್ಪಷ್ಟವಾಗಿದೆ. ದೇಶದ ಅತ್ಯಂತ ಯಶಸ್ವಿ ವಿಮಾನ ಕಂಪೆನಿಯನ್ನು ಕೈಯಲ್ಲಿಟ್ಟುಕೊಂಡೂ ಈ ಗೃಹಸ್ಥನು ಠೇವಣಿಯಿಟ್ಟ ನೆರೆಯವನಿಗಿಂತ ಹಿಂದೆ ಉಳಿದನು.

ಆದ್ದರಿಂದ ಬಫೆಟ್ ಅವರ ತೀರ್ಪು, ಆರಿಸಲು ತಿಳಿಯದೆ ಎಲ್ಲವನ್ನೂ ಕೊಳ್ಳುವವನ ವಿಷಯದಲ್ಲಿ, ನಮ್ಮ ದೇಶದಲ್ಲಿಯೂ ಸತ್ಯವೆಂದು ಒಪ್ಪಬೇಕಾಗಿದೆ. ಆದರೆ ಆರಿಸಬಲ್ಲವನಿದ್ದರೆ? ಗೆಲ್ಲುವ ಕಂಪೆನಿಯ ಲಕ್ಷಣ ಮುಂಚಿತವಾಗಿಯೇ ಕಾಣುತ್ತಿತ್ತೆ? ಇದೇ ಪ್ರಶ್ನೆಯ ಮರ್ಮ.

೨೦೧೫ರಲ್ಲಿ ಇಂಡಿಗೊ ದೇಶದ ಅತಿ ದೊಡ್ಡ ವಿಮಾನ ಕಂಪೆನಿಯಾಗಿತ್ತು, ಲಾಭದಲ್ಲಿತ್ತು. ಇದರಿಂದ ‘ದೊಡ್ಡದೂ ಲಾಭದಲ್ಲಿರುವುದೂ ಆದ ಕಂಪೆನಿಯನ್ನು ಕೊಳ್ಳಿ’ ಎಂಬ ಸೂತ್ರವನ್ನು ಕಟ್ಟುವವರಿದ್ದಾರೆ. ಆದರೆ ೨೦೦೫ರಲ್ಲಿ ಜೆಟ್ ಕೂಡ ಖಾಸಗಿ ಕಂಪೆನಿಗಳಲ್ಲಿ ಅತಿ ದೊಡ್ಡದಾಗಿತ್ತು, ಅದೂ ಲಾಭದಲ್ಲಿತ್ತು! ಸೂತ್ರ ಎರಡನ್ನೂ ಆರಿಸುತ್ತದೆ. ಒಂದು ಮುಳುಗಿತು, ಒಂದು ತೇಲಿತು. ವ್ಯತ್ಯಾಸವಿದ್ದುದು ಬೇರೆ ಕಡೆ. ಒಂದು ಆಸನವನ್ನು ಒಂದು ಕಿಲೋಮೀಟರು ಒಯ್ಯಲು ಬೀಳುವ ವೆಚ್ಚ ಜೆಟ್‌ನಲ್ಲಿ ಹೆಚ್ಚು. ಅದರಲ್ಲಿ ಬಗೆಬಗೆಯ ವಿಮಾನಗಳು, ಊಟೋಪಚಾರ, ಮೇಲ್ದರ್ಜೆಯ ಏರ್ಪಾಡುಗಳು ಇದ್ದುವು. ೨೦೦೭ರಲ್ಲಿ ೧,೪೫೦ ಕೋಟಿ ರೂಪಾಯಿಗೆ ಏರ್ ಸಹಾರಾವನ್ನು ಕೊಂಡು ಭಾರವನ್ನು ಇನ್ನಷ್ಟು ಹೆಚ್ಚಿಸಿಕೊಂಡಿತು. ಇಂಡಿಗೊ ೨೦೦೫ರಲ್ಲಿಯೇ ಒಂದೇ ಕುಟುಂಬದ ೧೦೦ ಏರ್‌ಬಸ್ ವಿಮಾನಗಳಿಗೆ ಒಟ್ಟಿಗೆ ಬೇಡಿಕೆ ಸಲ್ಲಿಸಿತು. ಒಂದೇ ಬಗೆಯ ವಿಮಾನವಾದುದರಿಂದ ಚಾಲಕರ ತರಬೇತಿ, ದುರಸ್ತಿ, ಬಿಡಿಭಾಗ ಎಲ್ಲದರಲ್ಲಿಯೂ ಉಳಿತಾಯ. ವಿಮಾನಗಳನ್ನು ಮಾರಿ ಮತ್ತೆ ಬಾಡಿಗೆಗೆ ಪಡೆಯುವ ಕ್ರಮದಿಂದ ಬಂಡವಾಳವನ್ನೂ ಉಳಿಸಿಕೊಂಡಿತು. ಜೆಟ್ ಷೇರು ಮಾರಿದ ವರ್ಷಕ್ಕೆ ಮುಂಚೆಯೇ ಅಗ್ಗದ ದರದ ಏರ್ ಡೆಕ್ಕನ್ ಬಂದಿತ್ತು. ಎಂದರೆ ಜೆಟ್‌ನ ವೆಚ್ಚಕ್ಕೆ ಎದುರಾಗಲಿದ್ದ ಅಪಾಯ ಆಗಲೇ ಕಣ್ಣಿಗೆ ಕಾಣುತ್ತಿತ್ತು. ನೋಡಬೇಕಾದವರು ಪ್ರಯಾಣಿಕರ ಸಂಖ್ಯೆಯನ್ನು ನೋಡಿದರು, ವೆಚ್ಚವನ್ನು ನೋಡಲಿಲ್ಲ.

ಅಗ್ಗದ ದರ ಬೇರೆ, ಅಗ್ಗದ ವೆಚ್ಚ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಏರ್ ಡೆಕ್ಕನ್‌ನ ದರ ಅಗ್ಗವಾಗಿತ್ತು. ಆದರೆ ಆ ದರಕ್ಕಿಂತ ಅದರ ವೆಚ್ಚ ಕೆಳಗಿಳಿಯಲಿಲ್ಲ. ಅದರ ಫಲವನ್ನು ಅದರ ಷೇರುಗಾರರು ಉಂಡರು.

ಹಾಗೆಂದು ಇಂಡಿಗೊ ಗೆಲುವನ್ನು ಶಾಶ್ವತವೆಂದು ಭಾವಿಸಲು ಆಧಾರವಿಲ್ಲ. ೨೦೨೧ ಮತ್ತು ೨೦೨೨ರ ಮಾರ್ಚಿಗೆ ಮುಗಿದ ಎರಡು ವರ್ಷಗಳಲ್ಲಿ ಅದು ಕ್ರಮವಾಗಿ ೫,೮೦೬ ಕೋಟಿ ಮತ್ತು ೬,೧೬೨ ಕೋಟಿ ರೂಪಾಯಿ ನಷ್ಟ ಅನುಭವಿಸಿತು. ೨೦೨೪ ಮತ್ತು ೨೦೨೫ರ ಮಾರ್ಚಿಗೆ ಮುಗಿದ ವರ್ಷಗಳಲ್ಲಿ ೮,೧೭೨ ಕೋಟಿ ಮತ್ತು ೭,೨೫೮ ಕೋಟಿ ರೂಪಾಯಿ ಲಾಭ ಗಳಿಸಿತು. ಎರಡು ಸುವರ್ಣ ವರ್ಷಗಳ ಗಳಿಕೆಯ ಮುಕ್ಕಾಲು ಭಾಗ ಎರಡು ಕೆಟ್ಟ ವರ್ಷಗಳ ಹಳ್ಳವನ್ನು ತುಂಬಲು ಸಾಕಾಯಿತು. ೨೦೨೫ರ ಡಿಸೆಂಬರಿನಲ್ಲಿ ಚಾಲಕರ ವಿಶ್ರಾಂತಿಯನ್ನು ಕುರಿತ ಹೊಸ ನಿಯಮಗಳಿಗೆ ಸಾಕಷ್ಟು ಸಿದ್ಧವಾಗಿರದ ಕಾರಣ ಅದು ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು. ಷೇರಿನ ಬೆಲೆಯೂ ಕುಸಿಯಿತು. ವೆಚ್ಚವನ್ನು ಬಿಗಿಹಿಡಿದುದೇ ಅದರ ಬಲ. ಆ ಬಿಗಿತವು ಮಿತಿಯನ್ನು ಮುಟ್ಟಿದಾಗ ಅದೇ ದೌರ್ಬಲ್ಯವೂ ಆಗಬಲ್ಲದು.

೫

ಇಷ್ಟು ಸ್ಪಷ್ಟವಾದ ಸಂಗತಿಗಳಿದ್ದೂ ಜನರು ಮತ್ತೆ ಮತ್ತೆ ಈ ಷೇರುಗಳಿಗೆ ಏಕೆ ಆಕರ್ಷಿತರಾಗುತ್ತಾರೆ? ವಿಮಾನ ಕಂಪೆನಿಯನ್ನು ಕುರಿತು ನಾವು ಓದುವ, ನೋಡುವ ಕಥೆಗಳ ಸ್ವರೂಪವೇ ಇದಕ್ಕೆ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದು, ಸೈನ್ಯದಲ್ಲಿದ್ದು, ಬೇಸಾಯ ಮಾಡಿ, ಏರ್ ಡೆಕ್ಕನನ್ನು ಕಟ್ಟಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’ ಅನೇಕ ತರುಣರಿಗೆ ಸ್ಫೂರ್ತಿ ನೀಡಿದೆ. ಅದನ್ನು ಆಧರಿಸಿ ೨೦೨೦ರಲ್ಲಿ ‘ಸೂರರೈ ಪೋಟ್ರು’ ಎಂಬ ತಮಿಳು ಚಿತ್ರವೂ ಬಂದಿತು. ಸಾಮಾನ್ಯನೂ ಹಾರಬೇಕೆಂಬ ಹಂಬಲ ಉದಾತ್ತವಾದುದು; ಅದನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಇಂಥ ಕಥೆಗಳಲ್ಲಿ ಪಾತ್ರಗಳು ಇಬ್ಬರೇ: ಸಾಹಸಿಯಾದ ಸ್ಥಾಪಕ, ಮೊದಲ ಸಲ ವಿಮಾನ ಹತ್ತಿದ ಬಡ ಪ್ರಯಾಣಿಕ. ಮೂರನೆಯವನಾದ ಸಣ್ಣ ಷೇರುಗಾರ ಕಥೆಯ ಮುಂಭಾಗಕ್ಕೆ ಬರುವುದಿಲ್ಲ. ಪ್ರಯಾಣಿಕನು ವೆಚ್ಚಕ್ಕಿಂತ ಕಡಮೆ ದರ ಕೊಟ್ಟು ಹಾರಿದಾಗ ಉಳಿದ ಹಣವನ್ನು ಯಾರೋ ಕೊಟ್ಟಿರಲೇಬೇಕು. ಕೊಟ್ಟವನು ಇವನೇ.

ಈ ದೃಷ್ಟಿಯಿಂದ ನೋಡಿದಾಗ ವಿಮಾನಸಾರಿಗೆಯ ಲಾಭ ಎಲ್ಲಿಯೂ ಮಾಯವಾಗಿಲ್ಲವೆಂಬುದು ತಿಳಿಯುತ್ತದೆ. ಅದು ಹಂಚಿಹೋಗಿದೆ. ಅಗ್ಗದ ದರವಾಗಿ ಪ್ರಯಾಣಿಕನಿಗೆ, ಬೆಲೆಯಾಗಿ ವಿಮಾನ ತಯಾರಕನಿಗೆ, ಬಾಡಿಗೆಯಾಗಿ ವಿಮಾನದ ಒಡೆಯನಿಗೆ, ಶುಲ್ಕವಾಗಿ ನಿಲ್ದಾಣಕ್ಕೆ, ತೆರಿಗೆಯಾಗಿ ಸರ್ಕಾರಕ್ಕೆ ಅದು ಸೇರಿದೆ. ನಮ್ಮ ದೇಶದಲ್ಲಿ ವಿಮಾನದ ಇಂಧನವನ್ನು ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆಯ ಹೊರಗಿಟ್ಟದ್ದರಿಂದ ರಾಜ್ಯಗಳು ತಮ್ಮ ತಮ್ಮ ತೆರಿಗೆಯನ್ನು ವಿಧಿಸುತ್ತ ಬಂದಿವೆ. ವಿಮಾನದ ಬಾಡಿಗೆಯನ್ನು ಡಾಲರಿನಲ್ಲಿ ಕೊಡಬೇಕು, ಟಿಕೆಟಿನ ಹಣ ಬರುವುದು ಹೆಚ್ಚಾಗಿ ರೂಪಾಯಿಯಲ್ಲಿ. ರೂಪಾಯಿ ಕುಸಿದಾಗಲೆಲ್ಲ ಅಷ್ಟು ಪಾಲು ಹೊರಗೆ ಹರಿಯುತ್ತದೆ. ಇವರೆಲ್ಲರೂ ತಮ್ಮ ತಮ್ಮ ಭಾಗವನ್ನು ತೆಗೆದುಕೊಂಡ ಮೇಲೆ ಉಳಿದುದು ಷೇರುಗಾರನದು. ಪಂಕ್ತಿಯಲ್ಲಿ ಕೊನೆಗೆ ಕುಳಿತವನಿಗೆ ಪಾತ್ರೆಯಲ್ಲಿ ಉಳಿದಷ್ಟೇ ಬಡಿಸಲು ಸಾಧ್ಯ. ಊಟಕ್ಕೆ ಬಂದವರ ಸಂಖ್ಯೆ ಹೆಚ್ಚಿತೆಂದು ಹಿಗ್ಗುವವನು ತಾನು ಕುಳಿತ ಜಾಗವನ್ನು ನೋಡಿಕೊಳ್ಳಬೇಕು.

೬

ಮೇಲಿನ ವಿಚಾರದಿಂದ ಹೊರಡುವ ನಿರ್ಣಯ ಇಷ್ಟು. ಉತ್ಸಾಹಿಗಳ ವಾದ ಅಸಿದ್ಧ. ಏಕೆಂದರೆ ಉದ್ಯಮದ ಬೆಳವಣಿಗೆ ಷೇರುಗಾರನ ಬೆಳವಣಿಗೆಯಲ್ಲ. ಬಫೆಟ್ ಅವರ ವಾದ ಒಟ್ಟು ಉದ್ಯಮದ ಮಟ್ಟಿಗೆ ಸಿದ್ಧ. ಆದರೆ ಅದನ್ನು ಪ್ರತಿಯೊಂದು ಕಂಪೆನಿಯ ಹಣೆಬರಹವೆಂದು ತೆಗೆದುಕೊಂಡರೆ ಅತಿವ್ಯಾಪ್ತಿ ದೋಷಕ್ಕೆ ಒಳಗಾಗುತ್ತದೆ. ಅವರದೇ ೧೯೯೮ರ ಲಾಭ ಮತ್ತು ೨೦೧೬ರ ಖರೀದಿ ಇದಕ್ಕೆ ಸಾಕ್ಷಿ.

ಹಾಗಾದರೆ ಸಣ್ಣ ಉಳಿತಾಯಗಾರನು ಏನು ಮಾಡಬೇಕು? ಅವನು ಕೇಳಬೇಕಾದ ಪ್ರಶ್ನೆಗಳು ಮೂರು. ಈ ಕಂಪೆನಿಯ ಆಸನ-ಕಿಲೋಮೀಟರಿನ ವೆಚ್ಚವು ಎದುರಾಳಿಗಳ ವೆಚ್ಚಕ್ಕಿಂತ ಸ್ಪಷ್ಟವಾಗಿ ಕಡಮೆಯಿದೆಯೆ? ಆರು ತಿಂಗಳು ವಿಮಾನಗಳು ನಿಂತರೂ ಸಾಲವನ್ನೂ ಬಾಡಿಗೆಯನ್ನೂ ತೆತ್ತು ಉಳಿಯುವಷ್ಟು ನಗದು ಅದರ ಕೈಯಲ್ಲಿದೆಯೆ? ಈ ಎರಡೂ ಇದ್ದರೆ, ಆ ಗುಣಗಳಿಗೆ ಷೇರುಪೇಟೆ ಈಗಾಗಲೇ ಅತಿಯಾದ ಬೆಲೆ ಕಟ್ಟಿಲ್ಲವಷ್ಟೆ? ಇವುಗಳಿಗೆ ಉತ್ತರವನ್ನು ಕಂಪೆನಿಯ ವಾರ್ಷಿಕ ವರದಿಯಲ್ಲಿ ಹುಡುಕಿ ಓದಬಲ್ಲವನು, ವರ್ಷವರ್ಷವೂ ಮತ್ತೆ ಓದಲು ಸಿದ್ಧನಾದವನು, ತನ್ನ ಉಳಿತಾಯದ ಸಣ್ಣದೊಂದು ಭಾಗವನ್ನು ಇಲ್ಲಿ ತೊಡಗಿಸಿದರೆ ಆಕ್ಷೇಪಿಸಲು ಕಾರಣವಿಲ್ಲ. ಓದುವಷ್ಟು ವ್ಯವಧಾನವಿಲ್ಲದವನಿಗೆ, ಮಗಳ ಮದುವೆಗೋ ಮಗನ ವಿದ್ಯಾಭ್ಯಾಸಕ್ಕೋ ಕೂಡಿಟ್ಟ ಹಣವನ್ನು ಕೈಯಲ್ಲಿ ಹಿಡಿದವನಿಗೆ, ವಿಮಾನ ಕಂಪೆನಿಯ ಷೇರು ತಕ್ಕುದಲ್ಲ. ಅವನು ಅಗ್ಗದ ಟಿಕೆಟನ್ನು ಕೊಂಡು ಪ್ರಯಾಣ ಮಾಡಲಿ. ಈ ಉದ್ಯಮವು ಅವನಿಗೆ ಕೊಡಬಲ್ಲ ಲಾಭದ ಬಹುಪಾಲು ಆ ಟಿಕೆಟಿನಲ್ಲಿಯೇ ಇದೆ.

ನಮ್ಮ ಕಾಲೇಜುಗಳಲ್ಲಿ ಹೂಡಿಕೆಯ ಪಾಠವನ್ನು ಹೇಳುವಾಗ ಪ್ರಸಿದ್ಧರ ಸೂಕ್ತಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಮುಳುಗಿದ ಒಂದು ಕಂಪೆನಿಯ ಮತ್ತು ಉಳಿದ ಒಂದು ಕಂಪೆನಿಯ ಲೆಕ್ಕಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿಸುವುದು ಹೆಚ್ಚು ಫಲಕಾರಿಯೆಂದು ನಾವು ನಂಬುತ್ತೇವೆ. ಜೆಟ್ ಮತ್ತು ಇಂಡಿಗೊ ಕಂಪೆನಿಗಳ ವಾರ್ಷಿಕ ವರದಿಗಳು ಅದಕ್ಕೆ ತಕ್ಕ ಸಾಮಗ್ರಿಯಾಗಿವೆ. ಅವುಗಳನ್ನು ವರ್ಷಾನುಕ್ರಮದಲ್ಲಿ ಹೋಲಿಸಿ, ಆಸನದ ವೆಚ್ಚವೂ ಸಾಲವೂ ಎಲ್ಲಿಂದ ಬೇರೆಯಾದುವೆಂಬುದನ್ನು ಗುರುತಿಸುವ ಕಾರ್ಯವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಾರಾದರೂ ಕೈಗೊಂಡರೆ ಈ ಚರ್ಚೆ ಇನ್ನೊಂದು ಹೆಜ್ಜೆ ಮುಂದುವರಿಯುವುದು.